ಕಷಾಯ ಔಷಧಿಯಲ್ಲ ಎಂದುಕೊಂಡಿದ್ದೆ

ನಮ್ಮ ಮನೆಯ ಹಿತ್ತಿಲಿಗೂ ಅಡಿಕೆ ತೋಟಕ್ಕೂ ನಡುವಿನ ಬೇಲಿಯಲ್ಲಿ ಒಂದು ಹಳೆಯ ಹೊಂಗೆ ಮರವಿದೆ. ಅದರ ಕೊಂಬೆಗಳಿಂದ ಜನಿವಾರದಷ್ಟು ತೆಳ್ಳಗಿನ ಬಿಳಲುಗಳು ನೆಲದವರೆಗೂ ಇಳಿಬಿದ್ದಿವೆ. ಅವು ಮರದವಲ್ಲ, ಮರವನ್ನು ಹಬ್ಬಿಕೊಂಡಿರುವ ಅಮೃತಬಳ್ಳಿಯವು. ನಾನು ಸಾಗರ ತಾಲ್ಲೂಕಿನ ಈ ಮನೆಗೆ ಸೊಸೆಯಾಗಿ ಬಂದ ಮೊದಲ ಇಪ್ಪತ್ತು ವರ್ಷಗಳಲ್ಲಿ ಆ ಬಳ್ಳಿಗೆ ಕತ್ತಿ ತಾಗಿದ್ದು ವರ್ಷಕ್ಕೊಂದೆರಡು ಸಲ ಮಾತ್ರ. ಯಾರಿಗಾದರೂ ಜ್ವರ ಬಂದು ಬಾಯಿರುಚಿ ಕೆಟ್ಟಾಗ ಅತ್ತೆ ನಾಲ್ಕು ಬೆರಳಿನಷ್ಟು ಕಾಂಡ ಕೊಯ್ದು ತಂದು, ಮೇಲಿನ ಕಾಗದದಂಥ ಸಿಪ್ಪೆಯನ್ನು ಉಗುರಿನಿಂದ ಕೆರೆದು, ಒಳಗಿನ ಹಸಿರನ್ನು ಜಜ್ಜಿ ಕುದಿಸಿ ಮೂರು ದಿನ ಕೊಡುತ್ತಿದ್ದರು. ನಾಲ್ಕನೆಯ ದಿನ ಅವರು ಕೊಡುತ್ತಿರಲಿಲ್ಲ, ಆ ಕಹಿಯನ್ನು ಕೇಳುವವರೂ ಇರಲಿಲ್ಲ.

2020ರಲ್ಲಿ ಈ ಲೆಕ್ಕ ತಪ್ಪಿತು. ಕೊರೊನಾ ಭಯದಲ್ಲಿ ಮನೆಯೊಳಗೇ ಕುಳಿತಿದ್ದ ಆ ದಿನಗಳಲ್ಲಿ ಮೊಬೈಲಿಗೆ ಬರುತ್ತಿದ್ದ ಹತ್ತು ಸಂದೇಶಗಳಲ್ಲಿ ನಾಲ್ಕಾದರೂ ರೋಗನಿರೋಧಕ ಶಕ್ತಿಯ ಬಗ್ಗೆ ಇರುತ್ತಿದ್ದವು, ಮತ್ತು ಅವುಗಳಲ್ಲಿ ಅಮೃತಬಳ್ಳಿಯ ಹೆಸರಿಲ್ಲದ್ದು ಅಪರೂಪವಾಗಿತ್ತು. ಜುಲೈ ತಿಂಗಳಿನಿಂದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗೂ ಮೊದಲು ಕಷಾಯವೆಂಬ ನಿಯಮ ಬಂತು. ಗೇಣುದ್ದದ ಕಾಂಡ, ಶುಂಠಿ, ಹತ್ತು ಹನ್ನೆರಡು ಕಾಳುಮೆಣಸು, ತುಳಸಿ, ಅರಿಶಿನ ಎಲ್ಲವನ್ನೂ ಒಂದು ಚೊಂಬು ನೀರಿನಲ್ಲಿ ಕುದಿಸಿ ಐವರೂ ಕುಡಿಯುತ್ತಿದ್ದೆವು. ಎಲ್ಲರಿಗಿಂತ ಶ್ರದ್ಧೆಯಿಂದ ಕುಡಿದವಳು ನಾನು. ಸಹಕಾರ ಸಂಘದಲ್ಲಿ ಲೆಕ್ಕಪತ್ರ ಬರೆಯುವ ಕೆಲಸ ನನ್ನದು. ದಿನವಿಡೀ ಕೌಂಟರಿನಲ್ಲಿ ಜನರ ಮುಖಕ್ಕೆ ಮುಖ ಕೊಟ್ಟು ಕೂರಬೇಕಾದ್ದರಿಂದ ಸಂಜೆ ಮನೆಗೆ ಬಂದ ಮೇಲೆ ಮತ್ತೊಂದು ಲೋಟ ಕುಡಿಯುತ್ತಿದ್ದೆ. ಇದು ಐದು ತಿಂಗಳು ನಡೆಯಿತು.

ನನಗೆ ಹತ್ತು ವರ್ಷಗಳಿಂದ ಥೈರಾಯ್ಡ್ ತೊಂದರೆಯಿತ್ತು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಗ್ರಂಥಿಯನ್ನು ಹೊರಗಿನದೆಂದು ತಪ್ಪು ತಿಳಿದು ಅದರ ಮೇಲೆ ತಿರುಗಿಬೀಳುವ ಬಗೆಯದು ಅದು; ಅದಕ್ಕಾಗಿ ಪ್ರತಿದಿನ ಬೆಳಿಗ್ಗೆ 75 ಮೈಕ್ರೋಗ್ರಾಂನ ಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದೆ. ಕಷಾಯಕ್ಕೂ ಆ ಕಾಯಿಲೆಗೂ ಸಂಬಂಧ ಇರಬಹುದೆಂದು ನನಗಾಗಲಿ, ಕಷಾಯದ ಸಂದೇಶ ಕಳುಹಿಸಿದ ಯಾರಿಗಾಗಲಿ ಹೊಳೆಯಲಿಲ್ಲ.

ನವೆಂಬರ್ ಕೊನೆಯಲ್ಲಿ ಊಟ ಸೇರದಾಯಿತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು, ಸಂಘದ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಸೋಲುತ್ತಿತ್ತು. ಮೂತ್ರ ಗಾಢವಾದದ್ದನ್ನು ನೀರು ಕಡಿಮೆ ಕುಡಿದದ್ದರಿಂದ ಎಂದುಕೊಂಡೆ. ಒಂದು ಬೆಳಿಗ್ಗೆ ಹಿತ್ತಿಲ ಬೆಳಕಿನಲ್ಲಿ ಅತ್ತೆ ನನ್ನ ಕಣ್ಣು ನೋಡಿ, "ಮಾರಾಯ್ತಿ, ಕಣ್ಣೆಲ್ಲ ಅರಿಶಿನ ಆಗಿದ್ಯಲ್ಲೇ" ಎಂದರು. ಕಾಮಾಲೆ ಎಂದ ತಕ್ಷಣ ಮಲೆನಾಡಿನಲ್ಲಿ ಯಾರೂ ಮೊದಲು ರಕ್ತಪರೀಕ್ಷೆಗೆ ಹೋಗುವುದಿಲ್ಲ. ನಾವೂ ಹೋಗಲಿಲ್ಲ. ಬಂಧುಗಳೊಬ್ಬರು ಸೂಚಿಸಿದ ಹಳ್ಳಿಯೊಂದಕ್ಕೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಮೂರು ದಿನ ಹಾಲಿನಲ್ಲಿ ಕದಡಿದ ಹಸಿರು ಉಂಡೆ ತೆಗೆದುಕೊಂಡು, ಉಪ್ಪು, ಹುಳಿ, ಖಾರ, ಎಣ್ಣೆ ಬಿಟ್ಟು ಗಂಜಿ ಕುಡಿದೆ. ಔಷಧಿ ಕೊಟ್ಟವರು ಹಣ ಕೇಳಲಿಲ್ಲ. ತಟ್ಟೆಗೆ ಎಷ್ಟಾದರೂ ಹಾಕಬಹುದಿತ್ತು. ಉಂಡೆಯಲ್ಲಿ ಏನಿದೆಯೆಂದು ಇವರು ಕೇಳಿದಾಗ, ಹೇಳಿದರೆ ಗುಣ ಹೋಗುತ್ತದೆ ಎಂಬ ಉತ್ತರ ಬಂತು. ಆ ಮೂರು ದಿನವೂ ಬೆಳಗಿನ ಅಮೃತಬಳ್ಳಿಯ ಕಷಾಯವನ್ನು ನಾನು ಬಿಟ್ಟಿರಲಿಲ್ಲ.

ನಾಲ್ಕನೆಯ ದಿನ ಮೈಸೂರಿನಲ್ಲಿ ಬಿ.ಫಾರ್ಮ್ ಓದುತ್ತಿದ್ದ ಮಗಳು ಫೋನಿನಲ್ಲಿ ರೇಗಾಡಿದ ಮೇಲೆ ಪರೀಕ್ಷೆ ಮಾಡಿಸಿದೆವು. ಬಿಲಿರುಬಿನ್ 9.8 ಇತ್ತು, ಕಣ್ಣನ್ನು ಹಳದಿ ಮಾಡುವ, 1ರ ಆಸುಪಾಸಿನಲ್ಲಿ ಇರಬೇಕಾದ ಅಂಶವದು. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ, ಸಾಮಾನ್ಯವಾಗಿ 40ರೊಳಗಿರುವ ಎಸ್‌ಜಿಪಿಟಿ 1,140ಕ್ಕೆ ಏರಿತ್ತು. ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಐಎನ್‌ಆರ್ ಕೂಡ ಏರತೊಡಗಿತ್ತು. ತಾಲ್ಲೂಕಿನ ವೈದ್ಯರು ಈ ಕೊನೆಯ ಅಂಕಿಯನ್ನು ನೋಡಿಯೇ ಆ ದಿನವೇ ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೊರಡಿ ಎಂದರು. ಕಣ್ಣಿನ ಹಳದಿಗೆ ನಾವು ಹೆದರಿದ್ದೆವು. ನಿಜವಾಗಿ ಹೆದರಬೇಕಾದದ್ದು ಐಎನ್‌ಆರ್‌ಗೆ ಎಂದು ಘಟ್ಟ ಇಳಿಯುವಾಗ ಮಗಳು ಫೋನಿನಲ್ಲೇ ವಿವರಿಸಿದಳು. ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳನ್ನು ತಯಾರಿಸುವುದು ಯಕೃತ್ತು. ಅದು ಕೆಲಸ ನಿಲ್ಲಿಸುತ್ತಿದೆ ಎಂಬುದಕ್ಕೆ ಐಎನ್‌ಆರ್ ಏರಿಕೆಯೇ ಗುರುತು.

ಆಸ್ಪತ್ರೆಯಲ್ಲಿ ಹೆಪಟೈಟಿಸ್ ಎ, ಬಿ, ಸಿ, ಇ ನಾಲ್ಕೂ ಇಲ್ಲವೆಂದಾಯಿತು. ಸ್ಕ್ಯಾನಿನಲ್ಲಿ ಪಿತ್ತನಾಳದಲ್ಲಿ ಕಲ್ಲು ಕಾಣಲಿಲ್ಲ. ಮದ್ಯದ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಯಕೃತ್ ತಜ್ಞರು ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಥೈರಾಯ್ಡ್ ಮಾತ್ರೆಯ ಹೊರತು ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಮೂರು ದಿನದ ಕಾಮಾಲೆ ಔಷಧಿಯನ್ನು ನಾಚಿಕೆಯಿಂದಲೇ ಹೇಳಿದೆ. "ಅದು ಕಣ್ಣು ಹಳದಿ ಆದ ಮೇಲೆ. ಅದಕ್ಕೂ ಮೊದಲು?" ಎಂದರು. ಏನೂ ಇಲ್ಲ ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಔಷಧಿಯೆಂದರೆ ಅಂಗಡಿಯಿಂದ ತಂದದ್ದು, ಯಾರೋ ಬರೆದುಕೊಟ್ಟದ್ದು, ಕಷಾಯವೆಂದರೆ ಸಾರು ಪಲ್ಯಗಳ ಸಾಲಿನದು ಎಂದೇ ನನ್ನ ತಲೆಯಲ್ಲಿತ್ತು. ಅವರು ಎದ್ದು ಹೋದರು. ಮತ್ತೆ ಸಂಜೆ ಬಂದಾಗ ಪ್ರಶ್ನೆಯನ್ನೇ ಬದಲಾಯಿಸಿದರು: "ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗೋವರೆಗೆ ಬಾಯಿಗೆ ಏನೇನು ಹಾಕ್ತೀರಿ, ಒಂದೊಂದೇ ಹೇಳಿ ನೋಡೋಣ." ಎದ್ದ ಕೂಡಲೇ ಮಾತ್ರೆ, ಅರ್ಧ ಗಂಟೆ ಬಿಟ್ಟು ಕಷಾಯ, ಎಂದು ನಾನು ಆರಂಭಿಸುತ್ತಿದ್ದಂತೆ ಅವರು ಕೈ ಎತ್ತಿ ನಿಲ್ಲಿಸಿದರು. ಆ ಒಂದು ಪದದ ಹಿಂದೆ ಐದು ತಿಂಗಳು, ದಿನಕ್ಕೆ ಎರಡು ಲೋಟ, ಗೇಣುದ್ದದ ಕಾಂಡ ಎಲ್ಲವೂ ಒಂದೊಂದಾಗಿ ಹೊರಬಂದವು.

ಮುಂದಿನ ವಾರ ಅವರು ಹಾಕಿದ ಲೆಕ್ಕ ಲೆಕ್ಕಿಗಳಾದ ನನಗೆ ಚೆನ್ನಾಗಿ ಅರ್ಥವಾಯಿತು. ಔಷಧಿಯಿಂದ ಯಕೃತ್ತಿಗೆ ಪೆಟ್ಟು ಬಿದ್ದಿದೆಯೇ ಎಂದು ತೋರಿಸಿಕೊಡುವ ಒಂದೇ ಪರೀಕ್ಷೆ ಎಂಬುದಿಲ್ಲ. ಸೇವನೆ ಯಾವಾಗ ಆರಂಭವಾಯಿತು, ಎಷ್ಟು ದಿನಗಳ ಮೇಲೆ ತೊಂದರೆ ಕಾಣಿಸಿತು, ನಿಲ್ಲಿಸಿದ ಮೇಲೆ ಅಂಕಿಗಳು ಇಳಿದವೇ, ಬೇರೆ ಕಾರಣಗಳೆಲ್ಲ ಹೊರಗಾದವೇ ಎಂದು ಒಂದೊಂದಕ್ಕೂ ಕೂಡುವ ಕಳೆಯುವ ಅಂಕ ಕೊಟ್ಟು, ಮೊತ್ತದಿಂದ ಸಂಭವನೀಯತೆಯನ್ನು ಅಳೆಯುತ್ತಾರೆ. ನನ್ನ ರಕ್ತದಲ್ಲಿ ಸ್ವಂತ ಅಂಗಾಂಶದ ವಿರುದ್ಧ ಕೆಲಸ ಮಾಡುವ ಪ್ರತಿಕಾಯಗಳು ಸಿಕ್ಕವು. ಪಕ್ಕೆಯಿಂದ ಸೂಜಿ ಹಾಕಿ ತೆಗೆದ ಯಕೃತ್ತಿನ ಚೂರಿನಲ್ಲೂ ಅದೇ ಬಗೆಯ ಉರಿಯೂತ ಕಂಡಿತು. ಥೈರಾಯ್ಡಿನ ಮೇಲೆ ತಿರುಗಿಬಿದ್ದಿದ್ದ ಪಡೆಯೇ ಈಗ ಯಕೃತ್ತಿನ ಮೇಲೂ ತಿರುಗಿತ್ತು. ವೈದ್ಯರು ಇದನ್ನು ಕಷಾಯವೇ ಮಾಡಿತು ಎನ್ನಲಿಲ್ಲ. "ಬಹುಮಟ್ಟಿಗೆ ಸಂಭಾವ್ಯ" ಎಂದು ಬರೆದರು. ಒಳಗೆ ಸುಮ್ಮನೆ ಮಲಗಿದ್ದ ಕಾಯಿಲೆಯನ್ನು ಬಳ್ಳಿ ಎಬ್ಬಿಸಿದ್ದಿರಬಹುದು, ಅಥವಾ ಹೊಸದಾಗಿ ಉಂಟುಮಾಡಿದ್ದಿರಬಹುದು, ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಮರುಕಳಿಸದಿದ್ದರೆ ಎರಡನೆಯದೇ ಹೆಚ್ಚು ನಿಜ ಎಂದರು. ಕಷಾಯ ನಿಂತಿತು, ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಆರಂಭವಾಯಿತು, ಆರು ವಾರಗಳಲ್ಲಿ ಎಸ್‌ಜಿಪಿಟಿ 80ಕ್ಕೆ ಇಳಿಯಿತು, ನಾಲ್ಕು ತಿಂಗಳಲ್ಲಿ ಮಾತ್ರೆಯ ಪ್ರಮಾಣ ಇಳಿಸುತ್ತಾ ಬಂದು ನಿಲ್ಲಿಸಿದರು. ಇಂದಿಗೂ ಮರುಕಳಿಸಿಲ್ಲ.

ಮನೆಗೆ ಬಂದಾಗ ಅತ್ತೆ ಎರಡು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ತಮ್ಮ ಕೈಯ ಕಷಾಯ ಸೊಸೆಯನ್ನು ಆಸ್ಪತ್ರೆಗೆ ಸೇರಿಸಿತೆಂಬ ಮಾತನ್ನು ಯಾರೂ ಆಡಿರಲಿಲ್ಲವಾದರೂ ಮನೆಯ ಮೌನದಲ್ಲಿ ಅದು ಇತ್ತು. ನಿಜ ಹೇಳಬೇಕೆಂದರೆ ಮೂರು ದಿನದ ನಿಯಮ ಅವರದು. ಅದನ್ನು ಐದು ತಿಂಗಳಿಗೆ ಎಳೆದವರು ನಾವು ವಿದ್ಯಾವಂತರು.

2021ರ ಜುಲೈಯಲ್ಲಿ ಪತ್ರಿಕೆಯೊಂದರಲ್ಲಿ ನನ್ನದೇ ಕಥೆಯನ್ನು ಬೇರೆಯವರ ಹೆಸರಿನಲ್ಲಿ ಓದಿದಂತಾಯಿತು. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಆರು ಮಂದಿಯ ವಿವರವನ್ನು ಮುಂಬೈನ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅವರಲ್ಲಿ ಥೈರಾಯ್ಡ್ ಕೊರತೆಯಿದ್ದವರೂ ಇದ್ದರು, ಉರಿಯೂತದ ಬಗೆಯೂ ನನ್ನದರಂತೆಯೇ ಇತ್ತು. ರೋಗನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸುತ್ತದೆ ಎಂಬ ಯಾವ ಗುಣಕ್ಕಾಗಿ ಜನ ಆ ಬಳ್ಳಿಯನ್ನು ಕುಡಿಯುತ್ತಿದ್ದರೋ, ಆ ವ್ಯವಸ್ಥೆಯೇ ಹದ ತಪ್ಪಿರುವವರಲ್ಲಿ ಅದೇ ಗುಣ ಕೇಡು ಮಾಡಿರಬಹುದೆಂಬುದು ಆ ವೈದ್ಯರ ಊಹೆ. ಕೂಡಲೇ ಆಯುಷ್ ಸಚಿವಾಲಯ ಈ ವರದಿ ಜನರನ್ನು ದಾರಿತಪ್ಪಿಸುತ್ತದೆ ಎಂದು ಹೇಳಿಕೆ ಕೊಟ್ಟಿತು. ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಎಂದು ಆ ವೈದ್ಯರು ಗುರುತಿಸಿಲ್ಲ, ಅದೇ ಕುಲದ ಟೈನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿ ಯಕೃತ್ತಿಗೆ ಹಾನಿ ಮಾಡಬಲ್ಲದು, ಗುರುತು ತಪ್ಪಿರಬಹುದು ಎಂಬುದು ಸಚಿವಾಲಯದ ವಾದವಾಗಿತ್ತು.

ಆ ವಾದ ನನಗೆ ಅಸಂಬದ್ಧವೆನಿಸಲಿಲ್ಲ. ನಮ್ಮ ಬೇಲಿಯ ಬಳ್ಳಿ ಯಾವುದೆಂದು ನಾವಾದರೂ ಯಾವಾಗ ಪರೀಕ್ಷಿಸಿದ್ದೆವು? ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಪರಿಚಿತರೊಬ್ಬರನ್ನು ಮನೆಗೆ ಕರೆದೆ. ಅವರು ಮೊದಲು ಎಲೆಯ ಅಡಿಯನ್ನು ತುಟಿಗೆ ಸವರಿ ನೋಡಿದರು. ರೋಮವಿದ್ದು ವೆಲ್ವೆಟಿನಂತೆ ತಾಗಿದರೆ ಅದು ಅಮೃತಬಳ್ಳಿಯ ಇನ್ನೊಂದು ಸೋದರಿಯಂತೆ. ನಮ್ಮದು ನುಣುಪಾಗಿತ್ತು. ಕ್ರಿಸ್ಪಾದ ಕಾಂಡದ ಮೇಲೆ ಹಾಗಲಕಾಯಿಯಂತೆ ಗಂಟುಗಂಟಾದ ಉಬ್ಬುಗಳು ತುಂಬಿರುತ್ತವೆ. ನಮ್ಮದರಲ್ಲಿ ಸಿಪ್ಪೆ ತೆಳುವಾಗಿ ಸುಲಿಯುತ್ತಿತ್ತು, ಚಿಕ್ಕ ಚುಕ್ಕೆಗಳಷ್ಟೇ ಇದ್ದವು. ಕಾಂಡವನ್ನು ಅಡ್ಡಕ್ಕೆ ಕೊಯ್ದು ಗಾಡಿಯ ಚಕ್ರದಂಥ ಅರೆಗಳನ್ನು ತೋರಿಸಿ, "ಇದು ಅಸಲಿಯೇ ಅಮ್ಮ" ಎಂದು ಕೈಯಲ್ಲಿಟ್ಟರು. ಸಚಿವಾಲಯದ ಹೇಳಿಕೆಯಲ್ಲಿ ನನಗಿದ್ದ ಸಮಾಧಾನ ಅಲ್ಲಿಗೆ ಮುಗಿಯಿತು. ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು.

ಲಕ್ಷಾಂತರ ಜನ ಕುಡಿದ ಬಳ್ಳಿಯೊಂದಕ್ಕೆ 43 ಸಣ್ಣ ಸಂಖ್ಯೆ, ಅದನ್ನು ಒಪ್ಪುತ್ತೇನೆ. ನಮ್ಮ ಮನೆಯ ಐವರಲ್ಲಿ ನಾಲ್ವರಿಗೆ ಏನೂ ಆಗಲಿಲ್ಲ. ಆದರೆ ಕುಡಿದವರೆಷ್ಟು, ತೊಂದರೆಯಾದವರೆಷ್ಟು, ತೊಂದರೆಯಾದರೂ ವೈದ್ಯರಿಗೆ ನನ್ನಂತೆ "ಏನೂ ಇಲ್ಲ" ಎಂದವರೆಷ್ಟು ಎಂಬ ಯಾವ ಕಾಲಮ್ಮೂ ತುಂಬಿಲ್ಲದ ಪುಸ್ತಕದಲ್ಲಿ ಜಮಾ ಹೆಚ್ಚೋ ಖರ್ಚು ಹೆಚ್ಚೋ ಎಂದು ಹೇಳುವುದು ಹೇಗೆ? ನಮ್ಮ ಸಂಘದಲ್ಲಿ ಯಾರಾದರೂ ಹೀಗೆ ಲೆಕ್ಕ ಒಪ್ಪಿಸಿದರೆ ಲೆಕ್ಕಪರಿಶೋಧಕರು ಆ ಪುಟದ ಮೇಲೆ ಸಹಿ ಮಾಡುವುದಿಲ್ಲ.

ಆ ಮಳೆಗಾಲದಲ್ಲಿ ರಜೆಗೆ ಬಂದಿದ್ದ ಮಗಳೂ ನಾನೂ ಕುಳಿತು, ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು, ಮನೆಯಲ್ಲಿದ್ದ ಬೇರುನಾರು, ಪುಡಿ, ಲೇಹ್ಯ, ಕ್ಯಾಪ್ಸೂಲುಗಳನ್ನೆಲ್ಲ ಜಗಲಿಯ ಮೇಲೆ ಸುರಿದುಕೊಂಡೆವು. ಯಾರು ತೆಗೆದುಕೊಳ್ಳುತ್ತಾರೆ, ಯಾವುದಕ್ಕೆ, ಎಷ್ಟು ದಿನದಿಂದ, ಜತೆಗೆ ಯಾವ ಇಂಗ್ಲಿಷ್ ಮಾತ್ರೆ, ಲಾಭವಾದದ್ದಕ್ಕೆ ಏನು ಗುರುತು, ಹಾನಿಯ ಬಗ್ಗೆ ಏನು ಗೊತ್ತು ಎಂದು ಆರು ಕಾಲಮ್ಮು ಎಳೆದೆ.

ಮೊದಲಿಗೆ ಬಂದದ್ದು ಕಾಮಾಲೆಗೆ ಪ್ರಸಿದ್ಧವಾದ ನೆಲನೆಲ್ಲಿ. ನಾನು ನುಂಗಿದ ಉಂಡೆಯಲ್ಲೂ ಅದಿತ್ತೆಂದು ಅತ್ತೆಯ ಗುಮಾನಿ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೂ ಮದ್ರಾಸಿನ ಸಂಶೋಧಕರೂ ಸೇರಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವೈರಸ್ ದೇಹದಲ್ಲಿ ನೆಲೆಯಾಗಿದ್ದವರಲ್ಲಿ ನೆಲನೆಲ್ಲಿ ಪಡೆದ ನೂರಕ್ಕೆ 59 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಇದು 4 ಮಾತ್ರ. ಇದನ್ನು ಓದಿ ಅತ್ತೆಗೆ ಹೇಳಿದಾಗ ಅವರ ಮುಖ ಬೆಳಗಿತು. ಆದರೆ ಬೇರೆ ದೇಶಗಳಲ್ಲಿ ನಡೆದ ನಂತರದ ಪರೀಕ್ಷೆಗಳಲ್ಲಿ ಅಂಥ ಫಲಿತಾಂಶ ಮತ್ತೆ ಸಿಗಲಿಲ್ಲ. ಇನ್ನು ನಮ್ಮೂರಿನಲ್ಲಿ ಮಳೆಗಾಲಕ್ಕೆ ಬರುವ ಕಾಮಾಲೆ ಹೆಚ್ಚಾಗಿ ನೀರಿನಿಂದ ಹರಡುವ ಹೆಪಟೈಟಿಸ್ ಎ; ಬಹುತೇಕರಲ್ಲಿ ಅದು ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾನೇ ವಾಸಿಯಾಗುತ್ತದೆ, ಆ ಹೊತ್ತಿಗೆ ಕೊಟ್ಟ ಔಷಧಿಗೆ ಹೆಸರು ಬರುತ್ತದೆ. ನನ್ನಂಥ ಕಾಮಾಲೆಯಲ್ಲಿ ಆ ಮೂರು ದಿನಗಳ ಬೆಲೆ ಬೇರೆಯೇ ಆಗಿತ್ತು.

ಎರಡನೆಯದು ಮಾವನ ಮಂಡಿನೋವಿನ ಪುಡಿ. ಪರಊರಿನಿಂದ ತರಿಸುತ್ತಿದ್ದ, ಹೆಸರು, ತಯಾರಿಕೆಯ ಸಂಖ್ಯೆ, ದಿನಾಂಕ ಯಾವುದೂ ಇಲ್ಲದ ಪ್ಲಾಸ್ಟಿಕ್ ಪೊಟ್ಟಣ. ತೆಗೆದುಕೊಂಡ ಎರಡನೆಯ ದಿನಕ್ಕೇ ನೋವು ಮಾಯವಾಗುತ್ತಿತ್ತು, ಮಾವ ತೋಟದ ತುದಿಯವರೆಗೂ ನಡೆದು ಬರುತ್ತಿದ್ದರು. ಒಂದು ವರ್ಷದಲ್ಲಿ ಅವರ ಮುಖ ದುಂಡಗಾದದ್ದನ್ನು ನಾವೆಲ್ಲ ಆರೋಗ್ಯದ ಕಳೆ ಎಂದುಕೊಂಡಿದ್ದೆವು. ಮಗಳು ಅದನ್ನು ನೋಡಿ ಆ ಪುಡಿಯನ್ನು ಎಸೆಯಲು ಹೊರಟವಳು, ತನ್ನ ಉಪನ್ಯಾಸಕರಿಗೆ ಫೋನ್ ಮಾಡಿದ ಮೇಲೆ ಸುಮ್ಮನಾದಳು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಹಾಗಿದ್ದಲ್ಲಿ ಒಮ್ಮೆಲೇ ನಿಲ್ಲಿಸುವುದು ಪುಡಿಗಿಂತ ಅಪಾಯಕಾರಿ ಎಂದು ಅವರು ಎಚ್ಚರಿಸಿದರಂತೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದನ್ನೇ ಬಿಡುತ್ತದೆ. ದೇಹದ ಸ್ವಂತ ಸ್ಟೀರಾಯ್ಡಾದ ಕಾರ್ಟಿಸಾಲಿನ ಬೆಳಗಿನ ಪರೀಕ್ಷೆ ಮಾಡಿಸಿದಾಗ ಪ್ರಮಾಣ ತೀರಾ ಕೆಳಗಿತ್ತು. ವೈದ್ಯರು ಲೆಕ್ಕವಿರುವ ಮಾತ್ರೆ ಕೊಟ್ಟು, ಅದನ್ನು ತಿಂಗಳುಗಟ್ಟಲೆ ಇಳಿಸುತ್ತಾ ಬಂದರು. ಮಾವನ ಮಂಡಿನೋವು ಮರಳಿ ಬಂದಿದೆ. ಮಳೆಗಾಲದ ರಾತ್ರಿಗಳಲ್ಲಿ ಅವರು ನನ್ನ ಮೇಲೆ ಸಿಡಿಮಿಡಿಗೊಳ್ಳುವುದರಲ್ಲಿ ನ್ಯಾಯವಿದೆ: ಹಾನಿಯ ಕಾಲಮ್ಮು ತುಂಬಿದ್ದರೂ ಲಾಭದ ಕಾಲಮ್ಮು ಖಾಲಿಯಿರಲಿಲ್ಲ.

ಮೂರನೆಯದು ಅಮೆರಿಕದಲ್ಲಿರುವ ಮೈದುನ ಅದೇ ಮಂಡಿಗೆಂದು ಕಳುಹಿಸಿದ್ದ ಅರಿಶಿನದ ಕ್ಯಾಪ್ಸೂಲು. ಡಬ್ಬಿಯ ಮೇಲೆ ಕಾಳುಮೆಣಸಿನ ಸಾರವೂ ಇದೆಯೆಂದು ಬರೆದಿತ್ತು. ಅರಿಶಿನದ ಮುಖ್ಯ ಅಂಶ ಕರ್ಕ್ಯುಮಿನ್ ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ; ಅದರ ಜತೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ಹೀರಿಕೆ 2,000 ಶೇಕಡದಷ್ಟು ಹೆಚ್ಚುತ್ತದೆಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ಆ ಕಂಡುಕೊಳ್ಳುವಿಕೆಯ ಮೇಲೆಯೇ ಇಂದು ಜಗತ್ತಿನ ಎಷ್ಟೋ ಡಬ್ಬಿಗಳು ನಿಂತಿವೆ. ಆದರೆ ಯಕೃತ್ತು ಒಡೆದು ಹೊರಗೆ ಹಾಕಬೇಕಾದದ್ದನ್ನು ಮೆಣಸು ತಡೆಯುವುದರಿಂದಲೇ ಈ ಹೆಚ್ಚಳ. ಆ ತಡೆ ಅರಿಶಿನಕ್ಕೆ ಮಾತ್ರ ಸೀಮಿತವಲ್ಲ, ಜತೆಗೆ ನುಂಗಿದ ಇತರ ಮಾತ್ರೆಗಳ ಮೇಲೂ ಅದರ ಪರಿಣಾಮ ಆಗಬಹುದು. ಅರಿಶಿನದ ಇಂಥ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದ 10 ಪ್ರಕರಣಗಳನ್ನು ಅಮೆರಿಕದ ವೈದ್ಯರ ಜಾಲವೊಂದು ವರದಿ ಮಾಡಿದೆ. ಅವರಲ್ಲಿ ಏಳು ಮಂದಿಗೆ ಒಂದೇ ಆನುವಂಶಿಕ ಗುರುತು ಇತ್ತು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಈ ಕ್ಯಾಪ್ಸೂಲಿಗೂ ಹೆಸರೊಂದೇ. ಅತ್ತೆ ಇದನ್ನು ಎಲ್ಲರಿಗಿಂತ ಬೇಗ ಗ್ರಹಿಸಿದರು. ಉಪ್ಪಿನಕಾಯಿಯನ್ನು ನೆಂಜಿಕೊಳ್ಳುವುದಕ್ಕೂ ಭರಣಿಯನ್ನೇ ತಿನ್ನುವುದಕ್ಕೂ ವ್ಯತ್ಯಾಸ ಇಲ್ಲವೇ ಎಂದರು.

ಡಬ್ಬದ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಈಶ್ವರಿ ಬೇರು ಸಿಕ್ಕಿತು. ಹಾವು ಕಚ್ಚಿದರೆ ಅರೆದು ಕುಡಿಸಲೆಂದು ಅಜ್ಜಿಯ ಕಾಲದಿಂದ ಬಂದದ್ದು. ಅದರ ಬಗ್ಗೆ ಓದಿದ ಮೇಲೆ ನನಗೆ ನಿಜವಾಗಿ ಕೈ ನಡುಗಿತು. ಆ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಬೆಲ್ಜಿಯಂನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸಲೆಂದು ಚೀನೀ ಗಿಡಮೂಲಿಕೆ ಸೇವಿಸಿದ ಹಲವಾರು ಮಹಿಳೆಯರ ಮೂತ್ರಪಿಂಡ ಹಾಳಾದದ್ದು ಒಂದು ಗಿಡದ ಬದಲು ಈ ಕುಲದ ಇನ್ನೊಂದು ಗಿಡ ಸೇರಿಹೋದದ್ದರಿಂದ. ಇಲ್ಲಿ ಹಾನಿ ಮೂರು ದಿನದಲ್ಲಿ ಕಣ್ಣಿಗೆ ಕಾಣುವುದಲ್ಲ, ವರ್ಷಗಳ ಮೇಲೆ ಕಾಣುವುದು. ತಲೆತಲಾಂತರದಿಂದ ಬಳಸಿದ್ದೇವೆ, ಏನೂ ಆಗಿಲ್ಲ ಎಂಬ ಮಾತು ಇಂಥ ಹಾನಿಯನ್ನು ಹಿಡಿಯಲಾರದು. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷವೊಂದೇ. ಬೇರನ್ನು ಒಲೆಗೆ ಹಾಕಿದೆವು.

ಹಾಗೆಂದು ಎಲ್ಲವನ್ನೂ ಒಲೆಗೆ ಹಾಕುವ ಹುಮ್ಮಸ್ಸಿನಲ್ಲಿದ್ದ ಮಗಳನ್ನು ತಡೆದದ್ದು ಅವಳ ಪಠ್ಯಪುಸ್ತಕದಲ್ಲೇ ಇದ್ದ ಸರ್ಪಗಂಧ. ನಮ್ಮ ಕಾಡಿನ ಈ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತು ಅತ್ತ ತಿರುಗಿ ನೋಡಿತು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಕೆಲವರಲ್ಲಿ ಅದು ಖಿನ್ನತೆ ತರುತ್ತದೆಂಬುದೂ ಬಳಕೆಯಲ್ಲೇ ಗೊತ್ತಾಯಿತು, ಇನ್ನೂ ಉತ್ತಮ ಔಷಧಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಲಾಭವೂ ಹಾನಿಯೂ ಎರಡೂ ಗೊತ್ತಾದದ್ದು ಯಾರೋ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಿದ್ದರಿಂದ. ಅಮೃತಬಳ್ಳಿಗೆ ಆ ಭಾಗ್ಯ ಸಿಕ್ಕಿದ್ದರೆ ನನಗೂ ಅದು ಯಾರಿಗೆ ಆಗುವುದಿಲ್ಲ ಎಂದು ಮೊದಲೇ ತಿಳಿದಿರುತ್ತಿತ್ತು.

ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಸರ್ಕಾರಿ ಆಯುರ್ವೇದ ಆಸ್ಪತ್ರೆಯ ವೈದ್ಯೆಯೊಬ್ಬರ ಬಳಿ ಹೋದೆ. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ, ಜಗಳ ಆಗಲಿಲ್ಲ. ಅವರು ಆರು ಕಾಲಮ್ಮನ್ನೂ ಬೆರಳಿಟ್ಟು ಓದಿ, ನನಗೆ ಕಷಾಯ ಹೇಳಿಕೊಟ್ಟವರು ಯಾರೆಂದು ಮೊದಲು ಕೇಳಿದರು. ಮೊಬೈಲು ಎಂದೆ. "ಹಾಗಾದ್ರೆ ಅದು ಆಯುರ್ವೇದ ಹೇಗಾಯ್ತಮ್ಮ?" ಎಂದರು. ಒಂದು ಪಾಲು ಪುಡಿಗೆ ಹದಿನಾರು ಪಾಲು ನೀರು ಹಾಕಿ ಎಂಟನೆಯ ಒಂದು ಪಾಲಿಗೆ ಇಳಿಸುವುದು ಶಾಸ್ತ್ರದ ಒಂದು ಕ್ರಮ. ಚೊಂಬು, ಗೇಣು ಅವರ ಲೆಕ್ಕದಲ್ಲಿ ಅಳತೆಗಳೇ ಅಲ್ಲ. ಆಯುಷ್ ಸಚಿವಾಲಯ 2020ರ ಅಕ್ಟೋಬರಿನಲ್ಲಿ ಹೊರಡಿಸಿದ ಕೋವಿಡ್ ಮಾರ್ಗಸೂಚಿಯನ್ನು ಅವರು ತೆಗೆದು ತೋರಿಸಿದರು: ಗುಡೂಚಿ (ಅಮೃತಬಳ್ಳಿಯ ಸಂಸ್ಕೃತ ಹೆಸರು) ಘನವಟಿ 500 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 15 ದಿನ ಅಥವಾ ಒಂದು ತಿಂಗಳು, ಇಲ್ಲವೇ ವೈದ್ಯರು ಹೇಳಿದಂತೆ. ನನ್ನ ಮೊಬೈಲಿಗೆ ಬಂದ ಸಂದೇಶಗಳಲ್ಲಿ ಆ ಸಾಲಿನ ಮೊದಲ ಪದ ಮಾತ್ರ ಉಳಿದಿತ್ತು.

ಅಷ್ಟು ಹೇಳಿದ ಮೇಲೂ ನಾನು ಬಿಡಲಿಲ್ಲ. ಆ ಮಾರ್ಗಸೂಚಿಯಲ್ಲೂ ಥೈರಾಯ್ಡ್ ಇದ್ದವರ ಬಗ್ಗೆ ಎಚ್ಚರಿಕೆ ಕಾಣುತ್ತಿಲ್ಲವಲ್ಲ ಎಂದೆ. ಅವರು ತುಸು ಹೊತ್ತು ಸುಮ್ಮನಿದ್ದು, ಹೌದು ಎಂದರು, ಮತ್ತು ಕಪಾಟಿನಿಂದ ಒಂದು ನಮೂನೆ ತೆಗೆದರು. ಆಯುರ್ವೇದ, ಸಿದ್ಧ, ಯುನಾನಿ, ಹೋಮಿಯೋಪತಿ ಔಷಧಿಗಳಿಂದ ಆಗುವ ತೊಂದರೆಗಳನ್ನು ದಾಖಲಿಸಲು ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯನ್ನು ಕೇಂದ್ರವಾಗಿಸಿಕೊಂಡು ಒಂದು ನಿಗಾ ವ್ಯವಸ್ಥೆ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಇಬ್ಬರೂ ಕುಳಿತು ನಮೂನೆ ತುಂಬಿದೆವು. ಔಷಧಿಯ ತಯಾರಕರು ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಇಬ್ಬರಿಗೂ ತಿಳಿಯದೆ, ಕೊನೆಗೆ ಅವರು "ಸ್ವಂತ ಹಿತ್ತಿಲು" ಎಂದು ಬರೆದರು.

ಲೇಬಲ್ ಓದುವುದನ್ನೂ ಅವರೇ ಕಲಿಸಿದರು. ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಒಳಗಿರುವ ಪದಾರ್ಥಗಳ ಪಟ್ಟಿ ಇಲ್ಲದ್ದನ್ನು ಮನೆಗೆ ತರಬೇಡಿ ಎಂದರು. ವಿಷವೆಂದು ಕಾನೂನಿನ ಇ(1) ಅನುಸೂಚಿಯಲ್ಲಿ ಸೇರಿರುವ ಪದಾರ್ಥವಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಹಿಂದಿ, ಇಂಗ್ಲಿಷ್ ಎರಡರಲ್ಲೂ ಇರಬೇಕು. ಕನ್ನಡದಲ್ಲಿ ಇರಬೇಕೆಂದು ಆ ನಿಯಮ ಹೇಳುವುದಿಲ್ಲ, ಮಾವನಿಗೆ ಓದಲು ಬರುವುದು ಕನ್ನಡವೊಂದೇ. ಪಾದರಸ, ಸೀಸದಂಥ ಲೋಹಗಳಿರುವ ರಸೌಷಧಿಗಳ ವಿಷಯದಲ್ಲಿ ನಾನು ಅವರ ವಿಶ್ವಾಸವನ್ನು ಹಂಚಿಕೊಳ್ಳಲಾರೆ. ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತೆಂದು 2004ರಲ್ಲಿ ಪ್ರಕಟವಾದ ಪರೀಕ್ಷೆಯನ್ನು ಹೇಳಿದೆ. ಸರಿಯಾಗಿ ಶುದ್ಧಿ ಮಾಡಿದ ಭಸ್ಮ ಬೇರೆ ಎಂದರು. ಸರಿಯಾಗಿ ಮಾಡಿದ್ದಾರೆಂದು ಕೊಳ್ಳುವವಳಿಗೆ ತಿಳಿಯುವುದು ಹೇಗೆ ಎಂದೆ. ಅಲ್ಲಿಗೆ ಆ ಮಾತು ನಿಂತಿತು, ನಾವು ಇನ್ನೂ ಒಪ್ಪಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದೆಲಗದ ತಂಬುಳಿ, ಶುಂಠಿ, ಮೆಂತ್ಯ, ಮಾವನ ಮಲಬದ್ಧತೆಗೆ ಅಳಲೆಕಾಯಿ ಉಳಿದಿವೆ. ಪ್ರಮಾಣ ಚಿಟಿಕೆ, ಚಮಚಗಳಲ್ಲಿದೆ, ದಿನಾಂಕ ಪುಸ್ತಕದಲ್ಲಿದೆ. ಯಾವ ವೈದ್ಯರ ಬಳಿ ಹೋದರೂ ಆ ಪುಸ್ತಕ ಜತೆಗೆ ಬರುತ್ತದೆ. ಮೊದಮೊದಲು ಅದನ್ನು ನೋಡಿ ಮುಗುಳ್ನಕ್ಕಿದ್ದ ತಾಲ್ಲೂಕಿನ ವೈದ್ಯರು ಈಗ ತಾವೇ ಕೇಳಿ ತೆಗೆಸುತ್ತಾರೆ.

ಅಮೃತಬಳ್ಳಿಯನ್ನು ಕಡಿಸಬೇಕೆಂದು ಇವರು ಒಮ್ಮೆ ಹೇಳಿದ್ದರು, ಬೇಡವೆಂದವಳು ನಾನೇ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ ಜ್ವರಕ್ಕೆಂದು ಕಾಂಡ ಕೇಳಿಕೊಂಡು ಬಂದ. ಅತ್ತೆ ಅವನನ್ನು ಜಗಲಿಯ ಮೇಲೆ ಕೂರಿಸಿ, ಡೆಂಗಿ ಪರೀಕ್ಷೆ ಆಯಿತೇ, ಥೈರಾಯ್ಡ್ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ನುಂಗುತ್ತಿದ್ದೀಯ ಎಂದು ಒಂದೊಂದಾಗಿ ಕೇಳಿ, ನಾಲ್ಕು ಬೆರಳಿನಷ್ಟು ಕೊಯ್ದು ಕೊಟ್ಟರು. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಅದು ಅವರಿಗೂ ಗೊತ್ತಿದ್ದರಿಂದಲೋ ಏನೋ, ಕತ್ತಿ ತೊಳೆಯುತ್ತಾ, "ಮೂರೇ ದಿನ ಅಂತ ಹೇಳಿಯೇ ಕೊಟ್ಟಿದ್ದೀನಿ ಮಾರಾಯ್ತಿ, ಬೇಕಾದ್ರೆ ಬರ್ಕೋ" ಎಂದರು. ಹುಡುಗನ ಹೆಸರು, ದಿನಾಂಕ, ನಾಲ್ಕು ಬೆರಳು, ಮೂರು ದಿನ ಎಂದು ಬರೆದುಕೊಂಡು, ನಾಲ್ಕನೆಯ ದಿನಕ್ಕೆ ಅವರ ಮನೆಗೆ ಫೋನ್ ಮಾಡಲು ಮೊಬೈಲಿನಲ್ಲಿ ಗಂಟೆ ಇಟ್ಟೆ.